ಬಿಳಿ ಗಾಜಿಗೆ ಹಚ್ಚಿದ ಭಂಡಾರ

ಆ ಬುಧವಾರವೂ ನಾನು ಐದಕ್ಕೇ ಎದ್ದೆ. ಬುಧವಾರ ನಮ್ಮ ಗಾಡಿಗೆ ರಜೆ. ನಮ್ಮ ಮನೆಯವರು ಅಂದು ಏಳುವುದು ಏಳಕ್ಕೆ. ನಾನೂ ಇನ್ನೊಂದು ತಾಸು ಮಲಗಬಹುದಿತ್ತು. ಆದರೆ ಅತ್ತೆಗೆ ರಜೆಯಿಲ್ಲ. ಅವರು ಬಾಗಿಲ ಅಗಳಿ ಸರಿಸಿದರೆ ನನಗೆ ಎಚ್ಚರವಾಗುತ್ತದೆ. ಚಹಾದ ನೀರು ಒಲೆಗಿಟ್ಟು, ಶುಂಠಿ ಜಜ್ಜುತ್ತ, ಹೊರಗಿನ ಸದ್ದುಗಳಿಗೆ ಕಿವಿಗೊಟ್ಟೆ. ಮೊದಲು ಕಸಬರಿಗೆಯ ಸರಸರ. ಆಮೇಲೆ ಬಕೆಟ್ಟಿನ ಹಿಡಿಕೆ ಕಿರ್ರೆಂದದ್ದು. ನೀರು ನೆಲಕ್ಕೆ ಬಿದ್ದ ಸಪ್ಪಳ, ನಾಲ್ಕು ಸಲ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ರಂಗೋಲಿಯದು. ಆಗ ನನ್ನ ಕೈ ತಾನಾಗಿ ನಿಲ್ಲುತ್ತದೆ. ಗಾಡಿ ಹೊರಡುವ ದಿನವಲ್ಲ ಎಂದು ಗೊತ್ತಿದ್ದರೂ ಶುಂಠಿಯ ಕಲ್ಲನ್ನು ಕೆಳಗಿಟ್ಟು ಕಿಟಕಿಯಿಂದ ಇಣುಕಿದೆ. ಅತ್ತೆ ಕುಳಿತಿದ್ದರು. ಅವರ ಬೆನ್ನಿನಿಂದ ಎರಡು ಮೊಳದ ಆಚೆ ಗಾಡಿಯ ಬೆನ್ನಿತ್ತು.

ನಮ್ಮದು ಬೈಲಹೊಂಗಲದಲ್ಲಿ ಒಂದು ಓಣಿಯ ಕೊನೆಯ ಮನೆ. ನಮ್ಮ ಮನೆ ದಾಟಿದರೆ ಗೋಡೆ, ಓಣಿ ಅಲ್ಲಿಗೆ ಮುಗಿಯಿತು. ಮನೆಯವರ ಹಳೆಯ ಪಿಕಪ್ ಗಾಡಿ ಮೂತಿಯನ್ನು ಆ ಗೋಡೆಗೆ ಕೊಟ್ಟು, ಬೆನ್ನನ್ನು ನಮ್ಮ ಅಂಗಳಕ್ಕೆ ಮಾಡಿ ನಿಲ್ಲುತ್ತದೆ. ಬೆಳಿಗ್ಗೆ ಹೊರಡಬೇಕಾದರೆ ಮೊದಲು ಅಂಗಳದ ಮೇಲೆ ಹಾದು, ಓಣಿಯುದ್ದಕ್ಕೂ ಹಿಂದಹಿಂದಕ್ಕೇ ಹೋಗಿ ರಸ್ತೆ ಸೇರಬೇಕು. ಸಂಜೆಯೇ ಹಿಂದಕ್ಕೆ ತಂದು ನಿಲ್ಲಿಸಿದರೆ ಬೆಳಿಗ್ಗೆ ಸಲೀಸು. ಮೊದಲು ಹಾಗೇ ಮಾಡುತ್ತಿದ್ದರು. ಸಂಜೆ ಓಣಿಯ ತುಂಬ ಮಕ್ಕಳು ಆಡುತ್ತಿರುತ್ತವೆ, ಹಿಂದೆ ಕಾಣದೆ ಬರುವುದು ಬೇಡ, ಮುಂದೆ ನೋಡಿಕೊಂಡೇ ಒಳಗೆ ಬನ್ನಿ ಎಂದು ಹೇಳಿದವಳು ನಾನೇ. ಬೆಳಗಿನ ಕತ್ತಲಲ್ಲಿ ಮಕ್ಕಳಿರುವುದಿಲ್ಲ ಎಂದು ನನ್ನ ಲೆಕ್ಕ. ಅತ್ತೆ ಇರುತ್ತಾರೆ ಎಂಬುದು ಆ ಲೆಕ್ಕದಲ್ಲಿ ಬಂದಿರಲಿಲ್ಲ. ಆಗ ಅವರಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಮನೆಯವರು ಎಲ್ಲಮ್ಮನ ಗುಡ್ಡದ ಕೆಳಗೆ ಉಗರಗೋಳದ ಅಂಗಡಿಗಳಿಗೆ ತೆಂಗಿನಕಾಯಿ, ಕುಂಕುಮ, ಭಂಡಾರದ ಚೀಲ ಮುಟ್ಟಿಸುತ್ತಾರೆ. ಭಕ್ತರು ಬರುವುದಕ್ಕೆ ಮೊದಲು ಅಂಗಡಿಯಲ್ಲಿ ಸಾಮಾನು ಇರಬೇಕು, ಆದ್ದರಿಂದ ಐದೂವರೆಗೆ ಗಾಡಿ ಚಾಲೂ ಆಗುತ್ತದೆ. ಇತ್ತ ಅತ್ತೆಯದೊಂದು ಕಟ್ಟುನಿಟ್ಟು: ನೀರು ಚಿಮುಕಿಸದ, ರಂಗೋಲಿ ಇಲ್ಲದ ಬರಿ ಅಂಗಳ ದಾಟಿ ಅಮ್ಮನ ಸಾಮಾನಿನ ಗಾಡಿ ಹೋಗಬಾರದು. ಹೀಗಾಗಿ ಮಗ ಗಾಡಿ ಹತ್ತುವ ಹೊತ್ತಿಗೆ ಸರಿಯಾಗಿ ತಾಯಿ ಗಾಡಿಯ ಹಿಂದೆ ಕುಳಿತಿರುತ್ತಾರೆ. ಜಾಗ ಬದಲಿಸಿರಿ ಎಂದು ನಾನೊಮ್ಮೆ ಕೇಳಿದ್ದೆ.

"ನನ್ನ ಮನಿ ಮುಂದ ನಾ ಎಲ್ಲಿ ಕುಂಡ್ರಬೇಕನ್ನೂದನ್ನ ಗಾಡಿ ಹೇಳ್ತೈತೇನು?" ಎಂದಿದ್ದರು.

ಕಿವಿಗೆ ಹಾಕುವ ಯಂತ್ರ ತಂದುಕೊಟ್ಟದ್ದು ಟ್ರಂಕಿನಲ್ಲಿ ಮಲಮಲ್ ಬಟ್ಟೆಯೊಳಗೆ ಮಲಗಿದೆ. ಹಾಕಿಕೊಂಡರೆ ಕಿವಿಯೊಳಗೆ ಇರುವೆ ಹೊಕ್ಕಂತಾಗುತ್ತದಂತೆ. ಕಣ್ಣೂ ಮೊದಲಿನಂತಿಲ್ಲ. ಕೊನೆಯ ಗೋಡೆಯ ಪಕ್ಕದ ಕಂಬದ ದೀಪದ ಬೆಳಕು ಗಾಡಿಯ ಒಡಲಿಗೆ ತಡೆದು ನಮ್ಮ ಅಂಗಳಕ್ಕೆ ಬರುವುದಿಲ್ಲ. "ಚುಕ್ಕಿಗೆ ಚುಕ್ಕಿ ಕೂಡವಲ್ವು, ಕಣ್ಣಾಗ ಬೂದಿ ಹಾರಿದಂಗ ಆಗತೈತಿ" ಎಂದು ದಿನವೂ ಗೊಣಗುತ್ತಾರೆ. ಆದರೂ ಬಿಡುವುದಿಲ್ಲ.

ಆದ್ದರಿಂದ ಬೆಳಿಗ್ಗೆ ಗಾಡಿಯ ಹಿಂದೆ ನಿಲ್ಲುವುದು ನನ್ನ ಕೆಲಸ. ಅತ್ತೆಯ ತೋಳು ಹಿಡಿದು ಪಡಸಾಲೆಗೆ ಹತ್ತಿಸಿ, ಗಾಡಿಯ ಹಿಂಬದಿಯ ತಗಡಿಗೆ ಅಂಗೈಯಿಂದ ಒಂದು ಸಲ ಬಡಿಯುತ್ತೇನೆ. ಒಂದೆಂದರೆ ಬನ್ನಿ, ಎರಡೆಂದರೆ ನಿಲ್ಲಿ. "ಬರ್ರಿ, ಬರ್ರಿ" ಎಂದು ಕೂಗುತ್ತ ಓಣಿಯ ತುದಿಯವರೆಗೆ ನಾನೂ ಹಿಂದಹಿಂದಕ್ಕೆ ನಡೆಯುತ್ತೇನೆ.

ಹಿಂದಿನ ಗುರುವಾರ ಹೀಗಾಯಿತು. ಅವರ ರೊಟ್ಟಿಯ ಡಬ್ಬಿ ಒಳಗೇ ಉಳಿದಿತ್ತು. ತರಲು ಹೋದೆ. ಅಡುಗೆಮನೆಗೆ ಹೋಗಿ ಬರಲು ಎಷ್ಟು ಹೊತ್ತು? ಅಷ್ಟರೊಳಗೆ ಹಪ್ಪಳ ಮುರಿದಂಥ ಸದ್ದು ಕೇಳಿತು. ಓಡಿ ಬಂದರೆ ಗಾಡಿ ನಾಲ್ಕು ಮೊಳ ಹಿಂದೆ ಸರಿದು ನಿಂತಿದೆ. ರಂಗೋಲಿಯ ಅಂಚಿಗೆಂದು ಬದಿಗೆ ಸರಿಸಿಕೊಂಡಿದ್ದ ಅತ್ತೆಯ ತೇಗಿನ ಮಣೆ ಹಿಂದಿನ ಗಾಲಿಯ ಕೆಳಗಿದೆ. ಅತ್ತೆ ಮಣೆಯ ಮೇಲಿಲ್ಲ. ರಂಗೋಲಿಯ ನಡುವೆ ಇಡುವ ಅರಿಷಿಣ-ಕುಂಕುಮದ ಬಟ್ಟಲು ಮರೆತಿದ್ದರಂತೆ. ಅದನ್ನು ತರಲು ಆಗಷ್ಟೇ ಎದ್ದು ಹೊಸ್ತಿಲ ಮೇಲೆ ಕಾಲಿಟ್ಟಿದ್ದರು. ಮನೆಯವರು ಗಾಡಿಯೊಳಗಿಂದ "ಹೂಂ, ಏನು? ಬರ್ಲೇನು?" ಎಂದರು. ಒಳಗೆ ಬಾಗಿಲು ಬಡಿದ ಸದ್ದನ್ನು ನನ್ನ ಬಡಿತವೆಂದುಕೊಂಡು ಗಾಡಿ ಬಿಟ್ಟಿದ್ದರು; ಮಣೆ ಮುರಿದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಬಾಗಿ ಮಣೆಯ ಚೂರುಗಳನ್ನು ಎಳೆದು ತೆಗೆದು, ತಗಡಿಗೆ ಒಂದು ಸಲ ಬಡಿದೆ. ಕೈಯಲ್ಲಿದ್ದ ಚೂರೂ ತಗಡಿಗೆ ತಾಗಿ ಅದು ಎರಡು ಸಲ ಕೇಳಿಸಿರಬೇಕು. ಅವರು ಮತ್ತೆ "ಬರ್ಲೋ ಬ್ಯಾಡೋ?" ಎಂದು ಬೈದರು.

ಮಣೆಯ ಚೂರುಗಳನ್ನು ಬಚ್ಚಲ ಹಂಡೆಯ ಹಿಂದೆ ಅಡಗಿಸಿಟ್ಟೆ. ಅತ್ತೆ ಕೇಳಿದಾಗ ಗೆದ್ದಲು ತಿಂದಿತ್ತು, ಒಗೆದೆ ಎಂದೆ.

"ತೇಗಿಗೆ ಗೆದ್ದಲು?" ಎಂದು ನನ್ನ ಮುಖ ನೋಡಿದರು. ಮರುದಿನದಿಂದ ಬರಿ ನೆಲದ ಮೇಲೆ ಕುಳಿತು ರಂಗೋಲಿ ಹಾಕತೊಡಗಿದರು. ಮೊದಲೇ ಕುಳ್ಳು ಜೀವ; ನನ್ನ ಸುಳ್ಳಿನಿಂದ ಇನ್ನೂ ನಾಲ್ಕು ಬೆರಳು ಕೆಳಗಾದರು.

ಇಷ್ಟಾದರೂ ನಾನು ಇರುತ್ತೇನಲ್ಲ ಎಂದು ದಿನ ತಳ್ಳುತ್ತಿದ್ದೆ. ಆದರೆ ರಾಮದುರ್ಗದಲ್ಲಿರುವ ನನ್ನ ಅಕ್ಕನಿಗೆ ಗರ್ಭಕೋಶದ ಆಪರೇಷನ್ ನಿಗದಿಯಾಗಿತ್ತು. ಹನ್ನೆರಡು ದಿನ ನಾನು ಅಲ್ಲಿರಬೇಕು. ಗುರುವಾರ ಇವರ ಗಾಡಿಯಲ್ಲೇ ಸವದತ್ತಿಯವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯುವುದೆಂದು ಮಾತಾಗಿತ್ತು. ಎಂದರೆ ನಾಳೆಯೊಂದು ದಿನ ನಾನೇ ಹಿಂದೆ ನಿಂತು ಗಾಡಿ ತೆಗೆಸಿ, ಆಮೇಲೆ ಹತ್ತಬಹುದು. ನಾಡಿದ್ದಿನಿಂದ ಆ ಕತ್ತಲ ಅಂಗಳದಲ್ಲಿ ಇರುವವರು ಇಬ್ಬರೇ, ಕಿವಿ ಕೇಳದ ತಾಯಿ ಮತ್ತು ಹಿಂದೆ ಕಾಣದ ಮಗ. ಬುಧವಾರ ಶುಂಠಿ ಜಜ್ಜುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ. ಬ್ಯಾಗಿಗೆ ತುಂಬಬೇಕಾದ ಸೀರೆಗಳಾಗಲಿ, ಅಕ್ಕನಿಗೆ ಒಯ್ಯಬೇಕಾದ ಅಂಟಿನ ಉಂಡಿಯಾಗಲಿ ನೆನಪಿಗೇ ಬರಲಿಲ್ಲ.

ಎಂಟರ ಸುಮಾರಿಗೆ ಮನೆಯವರು ಚಹಾ ಕುಡಿಯುವಾಗ ಮಾತು ತೆಗೆದೆ.

"ಏನ್ರಿ, ಗಾಡಿಗೆ ಹಿಂದಿನ ಲೈಟ್ ಒಂದು ಇವತ್ತ ಹಾಕಸ್ರಿ."

"ಐತಲ್ಲ."

"ಎಲ್ಲೈತಿ? ಎಡಗಡೀದು ಹತ್ತೂದ ಇಲ್ಲ. ಬಲಗಡೀದು ಹತ್ತಿದ್ರೂ ಹತ್ತಿಲ್ಲದಂಗ."

"ನೀ ಇರ್ತೀಯಲ್ಲ ಹಿಂದ."

"ನಾಡಿದ್ದ ಯಾರ ಇರ್ತಾರ?"

"ಹನ್ನೆರಡ ದಿನಾ ನಾ ನೋಡ್ಕೋತೇನಿ. ಎಷ್ಟ ವರ್ಷ ಆತು ಗಾಡಿ ಹೊಡಿಯಾಕ ಹತ್ತಿ, ಯಾರಿಗರ ತಾಗೇತೇನು?"

ಬಚ್ಚಲಿಗೆ ಹೋಗಿ ಹಂಡೆಯ ಹಿಂದಿನಿಂದ ಮಣೆಯ ಚೂರುಗಳನ್ನು ತಂದು ಅವರ ಚಹಾದ ಬಸಿಯ ಪಕ್ಕ ಇಟ್ಟೆ. ಎರಡು ಹಲಗೆ, ಒಂದು ಕಾಲು. ಹಲಗೆಯ ಮೇಲೆ ಟಾಯರಿನ ಗೆರೆಗಳು ಅಚ್ಚು ಹೊಡೆದಂತೆ ಮೂಡಿದ್ದವು. ಅವರು ಬೆರಳಿಂದ ಆ ಗೆರೆಗಳನ್ನು ಮುಟ್ಟಿ ನೋಡಿದರು.

"ಯಾವಾಗ?"

"ಹ್ವಾದ ಗುರುವಾರ. ರೊಟ್ಟಿ ಡಬ್ಬಿ ತರಾಕ ಹೋಗಿದ್ನೆಲ್ಲ, ಆವಾಗ."

"ಅವ್ವ ಎಲ್ಲಿದ್ಲು?"

"ಹೊಸ್ತಲದಾಗ. ಕುಂಕಮದ ಬಟ್ಟಲಾ ಮರತಿದ್ರು."

ಬಸಿಯಲ್ಲಿ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಅವರು ಅದನ್ನು ಹಾಗೇ ಬಿಟ್ಟು ಎದ್ದು ಗಾಡಿಯ ಕೀಲಿಕೈ ತೆಗೆದುಕೊಂಡರು. "ಬಾ, ನೀನೂ ನಡಿ. ಏನ್ ಬೇಕು ಅದನ ನೀನ ಹೇಳು" ಎಂದರು. ಅವಸರದಲ್ಲಿ ಚೂರುಗಳು ಪಡಸಾಲೆಯಲ್ಲೇ ಉಳಿದವು.

ಸಂಪಗಾಂವದ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಮೊದಲು ಕಿತ್ತೂರಿನ ಹತ್ತಿರ ಹೆದ್ದಾರಿಯ ಮೇಲೆ ಲಾರಿಗಳ ಕೆಲಸ ಮಾಡಿ ಕೈ ಪಳಗಿಸಿಕೊಂಡವರು. ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲಿನಂತೆ ಸಿಕ್ಕಿಸಿದ ಟೆಸ್ಟರ್. ಶೆಡ್ಡಿನ ಮುಂದೆ ಹಳೆಯ ಎಣ್ಣೆ ಡಬ್ಬಿಯಲ್ಲಿ ಒಂದು ದಾಳಿಂಬೆ ಗಿಡ.

"ಏನ್ ಅಣ್ಣಾರ, ಸೂಟಿ ದಿನಾನೂ ಗಾಡಿಗೆ ಆರಾಮ ಇಲ್ಲೇನು? ಅದೂ ವೈನಿ ಕರಕೊಂಡ ಬಂದೀರಿ."

"ಗಾಡಿ ಬೆನ್ನಿಗೆ ಕಣ್ಣ ಹಚ್ಚಬೇಕಂತ ಚಾಚಾ," ಎಂದರು ಮನೆಯವರು. ನಗಲಿಲ್ಲ.

ಚಾಚಾ ಹಿಂದೆ ಬಂದು ಕುಕ್ಕರಗಾಲಲ್ಲಿ ಕುಳಿತರು. "ಇಂಜಿನ್ ಚಾಲೂ ಬ್ಯಾಡ್ರಿ. ಚಾವಿ ತಿರುವಿ ಬರೇ ರಿವರ್ಸ್ ಗೇರ್ ಹಾಕ್ರಿ" ಎಂದು ಕೂಗಿ, ಅಂಗೈಯನ್ನು ದೊನ್ನೆ ಮಾಡಿ ದೀಪಕ್ಕೆ ಅಡ್ಡ ಹಿಡಿದರು. ಎಡಗಡೆ ಏನೂ ಇಲ್ಲ. ಬಲಗಡೆ ಅವರ ಅಂಗೈಯಲ್ಲಿ ಹಣ್ಣು ನಿಂಬೆಯ ಬಣ್ಣದ ಒಂದು ಕಲೆ ಮಾತ್ರ ಬಿತ್ತು.

"ಬಲ್ಬ್ ಛಲೋನ ಐತ್ರಿ. ಬೆಳಕ ಹೊರಗ ಬರವಲ್ದು." ಉಗುರಿನಿಂದ ಗಾಜನ್ನು ಕೆರೆಯಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡರು. ಇನ್ನಷ್ಟು ಬಾಗಿ ನೋಡಿದರು. "ಇದು ಭಂಡಾರ ಅಲ್ಲೇನ್ರಿ ವೈನಿ?"

ನನ್ನ ಕಿವಿ ಬಿಸಿಯಾದವು.

ಗುಡ್ಡದ ಅಮ್ಮನ ಭಂಡಾರ ಎಂದರೆ ಅರಿಷಿಣದ ಪುಡಿ. ನಮ್ಮ ಕಡೆ ಗಾಡಿಗೆ, ದನಕ್ಕೆ, ಹೊಸ್ತಿಲಿಗೆ ಎಲ್ಲಕ್ಕೂ ಹಚ್ಚುತ್ತೇವೆ. ಪ್ರತಿ ಹುಣ್ಣಿಮೆಗೆ ಇವರು ಗುಡ್ಡದಿಂದ ಚೀಟಿಯಲ್ಲಿ ಕಟ್ಟಿ ತರುತ್ತಿದ್ದರು. ಗಾಡಿಯ ಮೂತಿಗೆ ಅವರು ಹಚ್ಚುತ್ತಾರೆ. ಹಿಂದಿನ ಭಾಗಕ್ಕೆ ಯಾರೂ ಹಚ್ಚುವುದಿಲ್ಲ, ಅಪಾಯ ಇರುವುದೇ ಅಲ್ಲಿ ಎಂದು ನನಗೆ. ಹಾಗಾಗಿ ಉಳಿದದ್ದನ್ನು ಹಿಂದಿನ ದೀಪಗಳಿಗೆ ನಾನು ಹಚ್ಚುತ್ತಿದ್ದೆ. ಒಣ ಪುಡಿ ಗಾಳಿಗೆ ಹಾರುತ್ತದೆಂದು ಒಂದು ಹನಿ ಕೊಬ್ಬರಿ ಎಣ್ಣೆ ಬೆರೆಸುತ್ತಿದ್ದೆ. ಕೆಂಪು ಗಾಜಿನ ಮೇಲೆ ಹಚ್ಚಿದರೆ ಹಳದಿ ಕಾಣುತ್ತಿರಲಿಲ್ಲ. ಬಿಳಿ ಗಾಜಿನ ಮೇಲೆ ಚೆಂದ ಕಾಣುತ್ತಿತ್ತು. ಆ ಬಿಳಿ ಗಾಜು ಯಾವ ದೀಪದ್ದೆಂದು ನಾನು ಯಾವತ್ತೂ ಕೇಳಿರಲಿಲ್ಲ. ಎಡಕ್ಕೊಂದು ಬೊಟ್ಟು, ಬಲಕ್ಕೊಂದು ಬೊಟ್ಟು, ವರುಷಗಳಿಂದ. ಅದರ ಮೇಲೆ ಸವದತ್ತಿ ದಾರಿಯ ಕರಿಮಣ್ಣಿನ ಧೂಳು ಕೂತು, ಮತ್ತೆ ಹುಣ್ಣಿಮೆ ಬಂದು, ಮತ್ತೆ ಬೊಟ್ಟು.

"ಇದನ ಯಾರ ಹಚ್ಯಾರ?" ಎಂದರು ಮನೆಯವರು.

"ನಾನ."

ಅವರು ಬೈಯುತ್ತಾರೆಂದು ಕಾದೆ. ಅವರು ತಲೆ ಕೆರೆದುಕೊಂಡರು. "ನಾ ಅದನ ನೋಡೇನಿ. ಗಾಡಿ ತೊಳಿಯೂ ಮುಂದ ದೇವರದು ಅಂತ ಅದೊಂದ ಜಾಗಾ ಬಿಟ್ಟ ತೊಳಿತಿದ್ದೆ."

ಚಾಚಾ ನಕ್ಕರು. "ಗಂಡಾ-ಹೆಂಡತಿ ಕೂಡಿ ಅಮ್ಮನ್ನ ದೀಪದ ಮ್ಯಾಲ ಕುಂಡ್ರಿಸೀರಿ, ಬೆಳಕ ಪಾಪ ಏನ್ ಮಾಡಬೇಕು? ಆದ್ರ ಕೇಳ್ರಿ ವೈನಿ, ನಾ ಇದಕ್ಕ ಬ್ಲೇಡ್ ಹಚ್ಚೂದಿಲ್ಲ. ನೀವ ಹಚ್ಚೀರಿ, ನೀವ ನಿಮ್ಮ ಕೈಲೆ ತಗೀರಿ."

ಪಕ್ಕದ ಚಹಾದಂಗಡಿಯಿಂದ ಒಂದು ಬಟ್ಟಲು ಬಿಸಿನೀರು ತರಿಸಿಕೊಟ್ಟರು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಕೈಯಲ್ಲಿ ಕರವಸ್ತ್ರವಿಲ್ಲದೆ ಹೊರಗೆ ಹೋಗಬಾರದೆಂದು ಅಲ್ಲಿ ಕಲಿಸಿದ್ದು ಇನ್ನೂ ಬಿಟ್ಟಿಲ್ಲ. ಆ ಕರವಸ್ತ್ರವನ್ನು ಅದ್ದಿ ಗಾಜಿನ ಮೇಲೆ ಒತ್ತಿ ಹಿಡಿದೆ. ಎಣ್ಣೆಯ ಪದರು ಮೆತ್ತಗಾಗಿ ಬೆಲ್ಲದ ಪಾಕದಂತೆ ಎದ್ದು ಬಂತು. ಕೆಳಗೆ ಇನ್ನೊಂದು ಪದರು, ಅದಕ್ಕಿಂತ ಕಪ್ಪು. ಅದರ ಕೆಳಗೆ ಮತ್ತೊಂದು. ಒರೆಸುವಾಗ ಮನಸ್ಸಿನಲ್ಲೇ ಅಮ್ಮನಲ್ಲಿ ತಪ್ಪಾಯಿತು ಎನ್ನುತ್ತಿದ್ದೆ. ಹಚ್ಚಿದ್ದಕ್ಕೋ ತೆಗೆಯುತ್ತಿರುವುದಕ್ಕೋ ನನಗೇ ಗೊತ್ತಿರಲಿಲ್ಲ. ಬಟ್ಟಲಿನ ನೀರು ಹಳದಿಯಾಗಿ, ಆಮೇಲೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನು ಎಲ್ಲಿ ಚೆಲ್ಲುವುದೆಂದು ಸುತ್ತ ನೋಡಿದೆ. ರಸ್ತೆಗೆ ಚೆಲ್ಲಿದರೆ ತುಳಿಯುತ್ತಾರೆ, ಗಟಾರಕ್ಕಂತೂ ಆಗದು.

"ಆ ದಾಳಿಂಬರಿ ಬುಡಕ್ಕ ಹಾಕ್ರಿ. ಅಲ್ಲಿ ಯಾರೂ ತುಳಿಯಂಗಿಲ್ಲ," ಎಂದು ಚಾಚಾ ಕೆಲಸದಿಂದ ತಲೆಯೆತ್ತದೆ ಹೇಳಿದರು.

ಗಾಜು ಸ್ವಚ್ಛವಾದರೂ ಕೆಲಸ ಮುಗಿಯಲಿಲ್ಲ. ಬಲಗಡೆಯ ದೀಪ ಈಗ ಬೆಳ್ಳಗೆ ಹತ್ತಿತು, ಆದರೆ ಅದರ ಬೆಳಕು ನನ್ನ ಸೀರೆಯ ಅಂಚಿನವರೆಗೆ ಬಂದು ನಿಂತಿತು. ಎಡಗಡೆ ಬಲ್ಬು ಕೂಡುವ ಜಾಗವೇ ತುಕ್ಕು ತಿಂದು ಹೋಗಿತ್ತು. ಚಾಚಾ ಅದನ್ನು ಬದಲಿಸಿದರು. ಗಾಡಿಯ ಕೆಳಗಿನ ಕಬ್ಬಿಣದ ಚಾಸಿಗೆ ಕೂಡಿಸಿದ ಅರ್ಥಿಂಗ್ ವೈರಿನ ತುದಿಯನ್ನು ಉಜ್ಜುಕಾಗದದಿಂದ ಹೊಳೆಯುವಂತೆ ತಿಕ್ಕಿ ಮತ್ತೆ ಬಿಗಿದರು. ಆಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಎರಡು ಎಲ್‌ಇಡಿ ದೀಪಗಳನ್ನು ತೆಗೆದು ಹಿಂದಿನ ಬಂಪರಿನ ಕೆಳಗೆ ಹಿಡಿದು ತೋರಿಸಿದರು. ಗೇರಿನಿಂದ ಬರುವ ಹಳೆಯ ವೈರು ಇಷ್ಟು ದೀಪಗಳ ಭಾರ ಹೊರಲಾರದು, ಅದು ಬರಿ ಸುದ್ದಿ ಮುಟ್ಟಿಸಲಿ, ಕರೆಂಟು ನೇರ ಬ್ಯಾಟರಿಯಿಂದ ಬರಲಿ ಎಂದು ನಡುವೆ ರಿಲೇ ಎಂಬ ಒಂದು ಕರಿ ಡಬ್ಬಿಯನ್ನೂ ಫ್ಯೂಸನ್ನೂ ಕೂಡಿಸಿದರು.

"ಒಳಗ ಒಂದ ಸ್ವಿಚ್ಚೂ ಇಡ್ರಿ ಚಾಚಾ," ಎಂದರು ಮನೆಯವರು. "ಚೀಲಾ ಇಳಸೂ ಮುಂದ ಬೇಕಾದಾಗ ಹಚ್ಕೋತೇನಿ."

"ಇಡಂಗಿಲ್ಲ. ನೀವ ಹಚ್ಚತೀರಿ, ಮರತ ಬಿಡ್ತೀರಿ. ಹಿಂದ ಬರಾವ ಕಣ್ಣ ಕುಕ್ಕಿ ಗಟಾರಕ್ಕ ಬೀಳ್ತಾನ. ಗೇರ್ ಬಿದ್ರ ಹತ್ತಬೇಕು, ತಗದ್ರ ಆರಬೇಕು." ಹಾಗೆಂದು ಒಂದು ಸಣ್ಣ ಹಾರ್ನು ತೋರಿಸಿದರು. "ಬೇಕಾದ್ರ ಇದನ ಹಾಕ್ತೇನಿ. ಹಿಂದ ಹೊಂಟಾಗ ಪೀ ಪೀ ಅಂತೈತಿ."

"ನಮ್ಮ ಅತ್ತೀಗೆ ಕೇಳಸಂಗಿಲ್ರಿ ಚಾಚಾ," ಎಂದೆ.

ಅವರು ಹಾರ್ನನ್ನು ಡಬ್ಬಿಗೆ ಹಾಕಿದರು. ಸ್ವಲ್ಪ ಹೊತ್ತು ಗಡ್ಡ ಸವರುತ್ತ ಗಾಡಿಯ ಕೆಳಗೆ ನೋಡಿದರು. "ಎಲ್ಲಿ ಕುಂಡ್ರತಾರ ಅವರು?"

ತೋರಿಸಿದೆ. ಗಾಡಿಯ ಹಿಂದೆ ನಡುಮಧ್ಯಕ್ಕೆ ಎರಡು ಮೊಳ ಬಿಟ್ಟು ನಾನೇ ಕುಳಿತು ತೋರಿಸಿದೆ. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಚಾಚಾ ದೀಪಗಳನ್ನು ಇನ್ನೂ ಕೆಳಗೆ, ಇನ್ನೂ ಒಳಗೆ ಸರಿಸಿ, ನೆಲಕ್ಕೆ ತುಸು ಬಾಗಿಸಿ ಬಿಗಿದರು.

"ಅಷ್ಟ ಹತ್ರ ಕುಂತ ಮನಷ್ಯಾ ಯಾವ ಕನ್ನಡ್ಯಾಗೂ ಕಾಣಂಗಿಲ್ಲ ವೈನಿ. ಸುಳ್ಳ ಹೇಳಿ ಕಳಸೂದಿಲ್ಲ ನಾ. ಆದ್ರ ಬೆಳಕ ಕೆಳಗಿಂದ ಬಂದ್ರ ನೆರಳ ಉದ್ದಕ್ಕ ಓಣಿ ತುಂಬ ಬೀಳ್ತೈತಿ. ಅದು ಕನ್ನಡ್ಯಾಗ ಕಾಣ್ತೈತಿ. ಅಣ್ಣಾರ, ಮುಂಜಾನೆ ಮೊದಲ ನೆರಳ ನೋಡ್ರಿ. ನೆರಳ ಇದ್ರ ಗಾಡಿ ಬಿಡಬ್ಯಾಡ್ರಿ, ಇಳದ ಹೋಗ್ರಿ."

ಮನೆಯವರು ಶಾಲೆಯ ಹುಡುಗನಂತೆ ತಲೆಯಾಡಿಸಿದರು.

ಮಧ್ಯಾಹ್ನ ಮನೆಗೆ ಬಂದಾಗ ಪಡಸಾಲೆಯಲ್ಲಿ ಅತ್ತೆ ಕುಳಿತಿದ್ದರು. ಮಣೆಯ ಚೂರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದರು. ನನಗೆ ಮೆಟ್ಟಿಲ ಬಳಿಯೇ ಕಾಲು ನಿಂತವು. ಮನೆಯವರು ಗಾಡಿಯಲ್ಲೇ ಇದ್ದರು.

"ಗೆದ್ದಲು ಗಾಡಿ ಹೊಡಿಯಾಕ ಯಾವಾಗ ಕಲತೈತಿ?" ಎಂದರು ಅತ್ತೆ, ಟಾಯರಿನ ಗೆರೆಗಳನ್ನು ತೋರಿಸಿ.

ಅವರ ತುಸು ಕೇಳುವ ಕಿವಿಯ ಕಡೆ ಕುಳಿತು, "ತಪ್ಪಾತ್ರಿ ಅತ್ತಿ. ನಿಮಗ ಅಂಜಿಕಿ ಆಗ್ತೈತಂತ ಹೇಳ್ಲಿಲ್ಲ," ಎಂದೆ.

"ನನಗೇನ ಅಂಜಿಕಿ? ಅವತ್ತ ಹೊಸ್ತಲದಾಗ ನಿಂತ ನಾನೂ ನೋಡೇನಿ. ಅಂವಗ ಗೊತ್ತಾದ್ರ ಗಾಡಿ ಮುಟ್ಟಾಕ ಕೈ ನಡಗತಾವಂತ ಸುಮ್ನಿದ್ದೆ. ಗುಡ್ಡದ ದಾರಿ, ದಿನಾ ಹೋಗಿ ಬರೂದು." ಮಣೆಯ ಕಾಲನ್ನು ನನ್ನ ಕೈಗೆ ಕೊಟ್ಟರು. "ಬಡಗೀಗೆ ಕೊಟ್ಟ ಹಚ್ಚಸು. ನೆಲ ತಂಪ ಹೊಡೀತೈತಿ."

ಆರು ದಿನ ನಾವಿಬ್ಬರೂ ಒಂದೇ ಮಾತನ್ನು ಒಂದೇ ಮನೆಯಲ್ಲಿ ಬೇರೆಬೇರೆ ಬಚ್ಚಿಟ್ಟುಕೊಂಡಿದ್ದೆವು. ಅವರು ನೆಲದ ಮೇಲೆ ಕುಳಿತದ್ದು ನನ್ನ ಸುಳ್ಳನ್ನು ನಂಬಿಯಲ್ಲ, ಅದನ್ನು ಕಾಯಲು. ಅದನ್ನು ನೆನೆದು ಅಂಟಿನ ಉಂಡಿ ಕಟ್ಟುವಾಗ ಎರಡು ಸಲ ಕೈಯಲ್ಲೇ ಪುಡಿಯಾಯಿತು.

ಬೆಳಕು ಕಡಿಮೆಯಾಗುವುದನ್ನು ನಾನು ಕಾಯುತ್ತಿದ್ದೆ. ಏಳರ ಹೊತ್ತಿಗೆ ಓಣಿಯಲ್ಲಿ ಮಬ್ಬು ಇಳಿಯಿತು. ಮಕ್ಕಳು ಒಳಗೆ ಹೋದರು. ನಾಳೆ ಬೆಳಿಗ್ಗೆ ಹೇಗಿರುತ್ತದೆಂದು ಇವತ್ತೇ ನೋಡಿಬಿಡೋಣ ಎಂದೆ. ಮನೆಯವರು ಗಾಡಿ ಹತ್ತಲು ಹೋದಾಗ, "ನೀವಲ್ಲ, ನಾ ಕುಂಡ್ರತೇನಿ. ನಿಮಗ ಏನ್ ಕಾಣ್ತೈತಿ ನಾ ನೋಡಬೇಕು," ಎಂದೆ. ಇಷ್ಟು ವರುಷದಲ್ಲಿ ಆ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಸೀಟಿನ ಸ್ಪಂಜು ಅವರ ಮೈಯ ಆಕಾರಕ್ಕೆ ತಗ್ಗಾಗಿತ್ತು. ಸ್ಟಿಯರಿಂಗಿನ ಮೇಲೆ ಎಡಗೈ ಹಿಡಿಯುವ ಜಾಗದಲ್ಲಿ ಕರಿಬಣ್ಣ ಸವೆದು ನುಣುಪಾಗಿತ್ತು. ಕನ್ನಡಿಯಲ್ಲಿ ಕಂಡದ್ದು ಕತ್ತಲು, ಅದರಲ್ಲೊಂದಿಷ್ಟು ನಮ್ಮ ಮನೆಯ ಗೋಡೆ. ನಾನು ದಿನವೂ ಹಿಂದೆ ನಿಂತು ಕೈ ಬೀಸುತ್ತಿದ್ದೆನಲ್ಲ, ಆ ಕೈಯೂ ಅವರಿಗೆ ಕಂಡಿರಲಾರದು. ಅವರು ನಂಬಿ ಬರುತ್ತಿದ್ದದ್ದು ತಗಡಿನ ಸದ್ದನ್ನು ಮಾತ್ರ.

ಮನೆಯವರು ಬಾಗಿಲಿಂದ ಕೈ ಚಾಚಿ ಕೀಲಿ ತಿರುವಿ, ಗೇರು ಹಾಕಿದರು.

ಕನ್ನಡಿಯಲ್ಲಿ ಓಣಿ ಎದ್ದು ನಿಂತಿತು. ಎದುರು ಮನೆಯ ಕಟ್ಟೆ, ಅದರ ಮೇಲೆ ಒಣಹಾಕಿದ ಒರೆಸುಬಟ್ಟೆ, ಗಟಾರದ ಕಲ್ಲಿನ ಸಂದಿಯಲ್ಲಿ ಬೆಳೆದ ಹುಲ್ಲು, ಎಲ್ಲ.

"ಅತ್ತಿ, ನಿಮ್ಮ ಜಾಗಾಕ್ಕ ಕುಂಡ್ರಿ," ಎಂದು ಕೂಗಿದೆ. ಅವರಿಗೆ ಕೇಳಲಿಲ್ಲ, ಮಗ ಹೋಗಿ ತೋಳು ಹಿಡಿದು ಕೂರಿಸಿದರು. ಅತ್ತೆ ಕನ್ನಡಿಯಲ್ಲಿ ಕಾಣಲಿಲ್ಲ. ಚಾಚಾ ಹೇಳಿದ್ದಂತೆಯೇ ಆಯಿತು. ಆದರೆ ಓಣಿಯ ಉದ್ದಕ್ಕೂ ಒಂದು ದೊಡ್ಡ ನೆರಳು ಬಿದ್ದಿತ್ತು. ತುರುಬು, ಭುಜ, ಸೆರಗಿನ ಅಂಚು. ಅವರು ಕೈ ಆಡಿಸಿದರೆ ಓಣಿಯ ತುದಿಯವರೆಗೂ ಕೈ ಆಡುತ್ತಿತ್ತು. ನಾನು ಇಳಿದು, ಮನೆಯವರನ್ನು ಕೂರಿಸಿ, "ಏನ್ ಕಾಣ್ತೈತ್ರಿ?" ಎಂದೆ.

"ಅವ್ವ," ಎಂದರು. ಮತ್ತೆ, "ನೆರಳ ಇದ್ರ ಇಳದ ಹೋಗ್ತೇನಿ. ನೀ ನಿಶ್ಚಿಂತಿ ಹೋಗಿ ಬಾ," ಎಂದರು.

ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಉಸಿರನ್ನು ಅಲ್ಲಿ ಬಿಟ್ಟೆ. ನನ್ನ ಹನ್ನೆರಡು ದಿನಗಳು ಕಣ್ಣ ಮುಂದೆ ಸರಿಯಾಗಿ ಜೋಡಿಸಿಟ್ಟಂತೆ ಕಂಡವು. ಬ್ಯಾಗಿಗೆ ಯಾವ ಸೀರೆ ಹಾಕಬೇಕೆಂಬುದೂ ಆಗಲೇ ಹೊಳೆಯಿತು.

ಅತ್ತೆ ಮಾತ್ರ ಏಳಲಿಲ್ಲ, ದೀಪದ ಕಡೆ ತಿರುಗಿ ಕುಳಿತರು. ಬೆಳಗಿನ ರಂಗೋಲಿ ಅರ್ಧ ಅಳಿಸಿ ಅಲ್ಲೇ ಇತ್ತು. ಅದರ ಮೇಲೆ ಬೆರಳಾಡಿಸಿ, "ಇಲ್ನೋಡು, ಚುಕ್ಕಿ ಎಷ್ಟ ಛಂದ ಕಾಣಾಕತ್ತಾವ. ಈ ಮೂಲ್ಯಾಗ ಒಂದ ಎಳಿ ತಪ್ಪೇತಿ," ಎಂದರು. ಮುಖದ ತುಂಬ ಬೆಳಕು ಬಿದ್ದಿತ್ತು. ಅವರು ಅಷ್ಟು ಖುಷಿಯಾಗಿದ್ದನ್ನು ನೋಡಿ ನನಗೂ ಖುಷಿಯಾಯಿತು.

ಎದುರು ಮನೆಯ ಕಾಕು ಒಣಗಿದ ಬಟ್ಟೆ ತೆಗೆಯಲು ಕಟ್ಟೆಗೆ ಬಂದರು. ನಮ್ಮ ಅಂಗಳದ ಕಡೆ ಒಮ್ಮೆ ನೋಡಿ, ಬಟ್ಟೆ ಝಾಡಿಸಿ, ಮಡಚುತ್ತ ಒಳಗೆ ಹೊರಟವರು ಬಾಗಿಲಿಂದ ಹೇಳಿದರು:

"ಛಲೋ ಆತ ಬಿಡ್ರಿ. ಇನ್ನ ನಿಮ್ಮ ಅತ್ತಿ ಕತ್ತಲದಾಗ ತಡವರಸೂದ ತಪ್ತು. ಮುಂಜಾನೆ ಗಾಡಿ ಲೈಟ್ ಹತ್ತೂತನಾ ಕಾಯ್ದು, ಅದರ ಬೆಳಕಿನ್ಯಾಗ ಆರಾಮ ಕುಂತ ರಂಗೋಲಿ ಹಾಕ್ತಾರ."

ನಾನು ಗಾಡಿಯ ಕಡೆ ತಿರುಗಿದೆ; ರಿವರ್ಸ್ ಗೇರು ಬಿದ್ದರಷ್ಟೇ ಹತ್ತುವ ಆ ಬೆಳಕಿನಲ್ಲಿ ಅತ್ತೆ ತಪ್ಪಿದ ಎಳೆಯನ್ನು ತಿದ್ದುತ್ತಿದ್ದರು.